ಮೂತ್ರದ ಸೋಂಕು: ಕ್ರಿಮಿ ಕಚ್ಚಿಕೊಳ್ಳುವ ಮೊದಲು ಏನು ಮಾಡಬೇಕು, ಕಚ್ಚಿಕೊಂಡ ಮೇಲೆ ಏನು ಮಾಡಬೇಕು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬೇಸಿಗೆ ಬಂತೆಂದರೆ ಉರಿಮೂತ್ರದ ದೂರು ಪ್ರತಿ ಓಣಿಯಲ್ಲೂ ಕೇಳುತ್ತದೆ. "ಉಷ್ಣ ಆಗ್ಯಾದ, ಎಳನೀರು ಕುಡಿ, ಸಬ್ಜಾ ಬೀಜ ನೆನೆಸಿ ಕುಡಿ" ಎಂದು ಹಿರಿಯರು ಹೇಳುತ್ತಾರೆ. ಕೆಲವರಿಗೆ ಅಷ್ಟಕ್ಕೇ ಕಡಿಮೆಯಾಗುತ್ತದೆ. ಇನ್ನು ಕೆಲವರಿಗೆ ಎಷ್ಟು ಕುಡಿದರೂ ಉರಿ ನಿಲ್ಲುವುದಿಲ್ಲ. ಆಮೇಲೆ ಸೊಂಟದ ಮೇಲ್ಭಾಗ ನೋಯುತ್ತದೆ, ಚಳಿಜ್ವರ ಬರುತ್ತದೆ. ಒಬ್ಬರಿಗೆ ನೀರು ಸಾಕಾಯಿತು, ಇನ್ನೊಬ್ಬರಿಗೆ ಯಾಕೆ ಸಾಕಾಗಲಿಲ್ಲ?

ಮೈಯಲ್ಲಿ ನೀರು ಕಡಿಮೆಯಾಗಿ ಮೂತ್ರ ಗಾಢವಾದರೂ ಸ್ವಲ್ಪ ಉರಿಯುತ್ತದೆ. ಅದು ನೀರಿಗೆ ಹೋಗುತ್ತದೆ. ಕ್ರಿಮಿಯಿಂದ ಬಂದ ಉರಿಯಾದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕ್ರಿಮಿ ಇನ್ನೂ ಮೂತ್ರದಲ್ಲಿ ತೇಲುತ್ತಿದೆಯಾ, ಇಲ್ಲಾ ಒಳಗೋಡೆಗೆ ಕಚ್ಚಿಕೊಂಡಿದೆಯಾ? ತೇಲುವ ಕ್ರಿಮಿಯನ್ನು ನೀರು ಹೊರಗೆ ಹಾಕುತ್ತದೆ. ಕಚ್ಚಿಕೊಂಡು ಬೇರೂರಿದ್ದಕ್ಕೆ ಸಾಮಾನ್ಯವಾಗಿ ಔಷಧಿ ಬೇಕು. ನಾನು ಲ್ಯಾಬಿನಲ್ಲಿ ಮೂತ್ರದ ಮಾದರಿ ನೋಡುವವಳು. ಡಾಕ್ಟರ್ ಹೇಳುವುದನ್ನು ಈ ಲೇಖನ ಬದಲಿಸುವುದಿಲ್ಲ. ಆದರೆ ಕಚ್ಚಿಕೊಳ್ಳುವ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಾದರೆ ಯಾವ ಹೊತ್ತಿಗೆ ಏನು ಮಾಡಬೇಕು ಎಂಬುದು ನಿಮಗೇ ಹೊಳೆಯುತ್ತದೆ. ಅದಕ್ಕೇ ಅದನ್ನು ಮೊದಲು ಹೇಳುತ್ತೇನೆ.

ಮೊದಲ ಹೆಜ್ಜೆ: ಕ್ರಿಮಿ ಹೇಗೆ ಹಿಡಿಯುತ್ತದೆ ಎಂದು ತಿಳಿದುಕೊಳ್ಳಿ

ಮೂತ್ರದ ಸೋಂಕಿನಲ್ಲಿ ಹೆಚ್ಚಾಗಿ ಸಿಗುವ ಕ್ರಿಮಿ ಇ. ಕೊಲೈ. ಬೇರೆ ಕಾಯಿಲೆ ಇಲ್ಲದ ಹೆಂಗಸರ ಸೋಂಕಿನಲ್ಲಿ ನೂರಕ್ಕೆ ಸುಮಾರು 75ರಿಂದ 80 ಇದರದ್ದೇ. 1885ರಲ್ಲಿ ಥಿಯೋಡೋರ್ ಎಶೆರಿಶ್ ಎಂಬ ಮಕ್ಕಳ ವೈದ್ಯರು ಇದನ್ನು ಕೂಸುಗಳ ಮಲದಲ್ಲಿ ಕಂಡು ವಿವರಿಸಿದರು. ಇದರ ಜಾಗ ಕರುಳು. ಅಲ್ಲಿದ್ದಷ್ಟು ದಿನ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಅಲ್ಲಿಂದ ಹೊರಬಂದು, ಮೂತ್ರದ್ವಾರ ದಾಟಿ, ಮೂತ್ರಚೀಲಕ್ಕೆ ಏರಿದರೆ ತಾಪತ್ರಯ ಶುರು. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದು ಸುಮಾರು 20. ಹೆಂಗಸರಿಗೆ ಈ ಸೋಂಕು ಜಾಸ್ತಿ ಬರಲು ಇದು ದೊಡ್ಡ ಕಾರಣ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ.

ಮೂತ್ರಚೀಲ ತಲುಪಿದ ಕೂಡಲೇ ಕ್ರಿಮಿ ಗೆದ್ದಂತಲ್ಲ. ಚೀಲ ದಿನಕ್ಕೆ ಹಲವು ಸಲ ತುಂಬುತ್ತದೆ, ಖಾಲಿಯಾಗುತ್ತದೆ. ಹಿಡಿತ ಸಿಗದ ಕ್ರಿಮಿ ಮೂತ್ರದ ಜೊತೆ ಹೊರಗೆ ಹೋಗುತ್ತದೆ. ಹಾಗೆ ಹೋಗದಿರಲು ಇ. ಕೊಲೈ ತನ್ನ ಮೈಮೇಲೆ ಸಣ್ಣ ಸಣ್ಣ ಎಳೆಗಳನ್ನು ಬೆಳೆಸಿಕೊಳ್ಳುತ್ತದೆ. ಇವಕ್ಕೆ ಪಿಲೈ ಎನ್ನುತ್ತಾರೆ. ಕ್ರಿಮಿಯ ಉದ್ದವೇ ಸುಮಾರು 2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗ. ಎಳೆಯ ಉದ್ದ 1ರಿಂದ 2 ಮೈಕ್ರೋಮೀಟರ್ ಇದ್ದರೂ ದಪ್ಪ ಬರೀ 7 ನ್ಯಾನೊಮೀಟರ್, ಅಂದರೆ ಒಂದು ಮೈಕ್ರೋಮೀಟರಿನ ಸಾವಿರದಲ್ಲಿ ಏಳು ಭಾಗ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನಮಗೆ ಕ್ರಿಮಿ ಕಾಣುತ್ತದೆ, ಎಳೆ ಕಾಣುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು.

ಪ್ರತಿ ಎಳೆಯ ತುದಿಯಲ್ಲಿ ಫಿಮ್-ಎಚ್ ಎಂಬ ಪ್ರೋಟೀನ್ ಇರುತ್ತದೆ. ಅದರಲ್ಲೊಂದು ಸಣ್ಣ ಗುಳಿ. ಆ ಗುಳಿಗೆ ಸರಿಯಾಗಿ ಕೂರುವುದು ಮ್ಯಾನೋಸ್ ಎಂಬ ಸಕ್ಕರೆ. ಈಗ ಮೂತ್ರಚೀಲದ ಒಳಮೈ ನೋಡೋಣ. ಅಲ್ಲಿ ಎಲ್ಲಕ್ಕಿಂತ ಮೇಲಿರುವ ಅಗಲವಾದ ಜೀವಕೋಶಗಳನ್ನು ಯೂರೋಪ್ಲಾಕಿನ್ ಎಂಬ ಪ್ರೋಟೀನ್ ಮುಚ್ಚಿರುತ್ತದೆ. ಮೂತ್ರ ಒಳಗೆ ಸೋರದ ಹಾಗೆ ಕಾಯುವುದು ಅದರ ಕೆಲಸ. ಆ ಪ್ರೋಟೀನಿನ ಒಂದು ಬಗೆಯ ಮೇಲೆ ಮ್ಯಾನೋಸ್ ಸಕ್ಕರೆ ಅಂಟಿಕೊಂಡಿರುತ್ತದೆ. ನಮ್ಮನ್ನು ಕಾಯುವ ಪದರವನ್ನೇ ಕ್ರಿಮಿ ಹಿಡಿಯಲು ಬಳಸುತ್ತದೆ.

ಇಲ್ಲಿ ಒಂದು ಸೋಜಿಗದ ವಿಷಯ ಇದೆ, ಸ್ವಲ್ಪ ನಿಂತು ನೋಡಬೇಕು. ಮೂತ್ರ ಜೋರಾಗಿ ಹರಿದರೆ ಕ್ರಿಮಿಯ ಹಿಡಿತ ಸಡಿಲವಾಗಬೇಕು ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆಗುವುದು ಅದಕ್ಕೆ ಉಲ್ಟಾ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹರಿವು ಹೆಚ್ಚಿಸಿದಷ್ಟೂ ಫಿಮ್-ಎಚ್ ಹಿಡಿತ ಬಿಗಿಯಾಗುವುದು ಕಂಡಿತು. ಕರುವಿನ ಕೊರಳಿಗೆ ಹಾಕಿದ ಜೀರುಗುಣಿಕೆ ಇದೆಯಲ್ಲ, ಎಳೆದಷ್ಟೂ ಬಿಗಿಯುತ್ತದೆ, ಹಾಗೆ. ಎಳೆತ ಬಿದ್ದಾಗ ಪ್ರೋಟೀನಿನ ಆಕಾರ ಬದಲಾಗಿ ಗುಳಿ ಸಕ್ಕರೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹರಿವು ನಿಂತಾಗ ಹಿಡಿತ ಸಡಿಲಿಸಿ ಕ್ರಿಮಿ ಪಕ್ಕಕ್ಕೆ ಸರಿಯುತ್ತದೆ, ಹೊಸ ಜಾಗ ಹುಡುಕುತ್ತದೆ. ಇಷ್ಟೇ ಸಾಲದೆಂದು, ಎಳೆಯ ಕಾಂಡ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಜೋರು ಹರಿವು ಬಂದರೆ ಸುರುಳಿ ಬಿಚ್ಚಿ ಎಳೆ ಉದ್ದವಾಗುತ್ತದೆ, ತುಂಡಾಗುವುದಿಲ್ಲ.

ಹಿಡಿದ ಮೇಲೆ ಮುಂದಿನದು. ಜೀವಕೋಶ ಆ ಕ್ರಿಮಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಸೇರಿದ ಕ್ರಿಮಿ ಅಲ್ಲೇ ಗುಂಪುಗುಂಪಾಗಿ ಬೆಳೆಯುತ್ತದೆ. ಇದು ಮೊದಲು ಇಲಿಗಳ ಮೂತ್ರಚೀಲದಲ್ಲಿ ಕಂಡದ್ದು. ಆಮೇಲೆ ಸೋಂಕಿದ್ದ ಮಹಿಳೆಯರ ಮೂತ್ರದಲ್ಲಿ ಉದುರಿ ಬಂದ ಜೀವಕೋಶಗಳಲ್ಲೂ ಇಂಥ ಗುಂಪುಗಳು ಸಿಕ್ಕಿವೆ. ಒಳಗಿರುವುದಕ್ಕೆ ಮೂತ್ರದ ಹರಿವು ಮುಟ್ಟುವುದಿಲ್ಲ, ಕೆಲವು ಔಷಧಿಗಳೂ ಸರಿಯಾಗಿ ಮುಟ್ಟುವುದಿಲ್ಲ. ನಮ್ಮ ದೇಹ ಸುಮ್ಮನಿರುವುದಿಲ್ಲ. ಸೋಂಕು ತಗುಲಿದ ಜೀವಕೋಶಗಳನ್ನೇ ಕಳಚಿ ಹೊರಗೆ ಹಾಕುತ್ತದೆ. ಅದರಿಂದ ತುಂಬಾ ಕ್ರಿಮಿ ಹೊರಹೋಗುತ್ತದೆ. ಜೊತೆಗೆ ಕೆಳಗಿರುವ, ಇನ್ನೂ ಬಲಿಯದ ಜೀವಕೋಶಗಳ ಪದರ ಬಯಲಾಗುತ್ತದೆ. ಇಲಿಗಳಲ್ಲಿ ಆ ಪದರದೊಳಗೆ ಕೆಲವು ಕ್ರಿಮಿಗಳು ವಾರಗಟ್ಟಲೆ ಸದ್ದಿಲ್ಲದೆ ಉಳಿದು ಮತ್ತೆ ಎದ್ದದ್ದು ಕಂಡಿದೆ. "ವಾಸಿ ಆಗಿತ್ತು, ತಿಂಗಳಿಗೆ ಮತ್ತೆ ಬಂತು" ಎನ್ನುವವರಲ್ಲಿ ಕೆಲವರಿಗೆ ಇದೂ ಒಂದು ಕಾರಣವಾಗಿರಬಹುದು.

ಕಿಡ್ನಿಗೆ ಏರುವ ಇ. ಕೊಲೈಗಳಲ್ಲಿ ಹಲವಕ್ಕೆ ಇನ್ನೊಂದು ಜಾತಿಯ ಎಳೆಯೂ ಇರುತ್ತದೆ. ಅದಕ್ಕೆ ಪಿ ಎಳೆ ಎಂದು ಹೆಸರು. ಅದು ಹಿಡಿಯುವುದು ಮ್ಯಾನೋಸ್ ಅನ್ನು ಅಲ್ಲ. ಕಿಡ್ನಿಯ ಜೀವಕೋಶದ ಮೇಲಿರುವ ಬೇರೆ ಸಕ್ಕರೆಯ ಜೋಡಿಯನ್ನು ಹಿಡಿಯುತ್ತದೆ. ಅದಕ್ಕೇ ಚೀಲದ ಸೋಂಕಿಗೂ ಕಿಡ್ನಿಯ ಸೋಂಕಿಗೂ ಒಂದೇ ಲೆಕ್ಕ ಹಾಕಬಾರದು.

ಎರಡನೇ ಹೆಜ್ಜೆ: ಕಚ್ಚಿಕೊಳ್ಳುವ ಮೊದಲೇ ಹೊರಗೆ ಹಾಕಿ

ಹರಿವು ಹಿಡಿತ ಬಿಗಿಮಾಡುತ್ತದೆ ಎಂದಾದರೆ ನೀರು ಕುಡಿದು ಏನು ಫಲ ಎಂದು ನೀವು ಕೇಳಬಹುದು. ಫಲ ಇದೆ. ಚೀಲಕ್ಕೆ ಬಂದ ಎಲ್ಲ ಕ್ರಿಮಿಯೂ ತಕ್ಷಣ ಗೋಡೆ ಹಿಡಿಯುವುದಿಲ್ಲ. ಬಹಳಷ್ಟು ಮೂತ್ರದಲ್ಲೇ ತೇಲುತ್ತಾ ಬೆಳೆಯುತ್ತದೆ. ಗಂಟೆಗಟ್ಟಲೆ ಮೂತ್ರ ತಡೆದುಕೊಂಡರೆ ಅದಕ್ಕೆ ಬೆಳೆಯಲು ಹೊತ್ತೂ ಸಿಗುತ್ತದೆ, ಗೋಡೆ ಮುಟ್ಟಲು ಅವಕಾಶವೂ ಸಿಗುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ಕಿಡ್ನಿ ಮೂತ್ರಕ್ಕೆ ಯೂರೋಮಾಡ್ಯುಲಿನ್ ಎಂಬ ಪ್ರೋಟೀನ್ ಸೇರಿಸುತ್ತದೆ. 1950ರಲ್ಲಿ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಮೂತ್ರದಿಂದ ಬೇರ್ಪಡಿಸಿದರು. ಇದರ ಮೇಲೂ ಮ್ಯಾನೋಸ್ ಇದೆ. ಕ್ರಿಮಿಯ ಎಳೆ ಗೋಡೆಯೆಂದು ಇದನ್ನೇ ಹಿಡಿದುಕೊಳ್ಳುತ್ತದೆ, ಮೂತ್ರ ಹೊಯ್ದಾಗ ಅದರ ಜೊತೆಗೇ ಹೊರಗೆ ಹೋಗುತ್ತದೆ. ಈ ಕಾವಲು ಪೂರ್ತಿ ಕೆಲಸ ಮಾಡಬೇಕಾದರೆ ಚೀಲ ಆಗಾಗ ಖಾಲಿಯಾಗಲೇಬೇಕು.

ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪದೇ ಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಿದ್ದರು. ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚುವರಿಯಾಗಿ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು. ಉಳಿದವರಿಗೆ 3.2 ಸಲ. ಮಾತ್ರೆಯಿಲ್ಲದೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಆದರೆ ನಮ್ಮ ಕಡೆ ನೀರು ಕುಡಿ ಎನ್ನುವುದು ಸುಲಭ, ಕುಡಿಯುವುದು ಕಷ್ಟ. ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿಗೆ ಹೋಗುವ ಹೆಂಗಸರು ಬೆಳಿಗ್ಗೆಯಿಂದ ಕೆಸರಿನಲ್ಲೇ ನಿಂತಿರುತ್ತಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೊಲದಲ್ಲಿ ಮರೆಗೆ ಒಂದು ಗಿಡವೂ ಇರುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕಗಳಲ್ಲಿ ಪೀಸ್ ಲೆಕ್ಕದ ದುಡಿಮೆ. ಎದ್ದು ಹೋದಷ್ಟು ಹೊತ್ತು ಕೂಲಿ ಹೋಗುತ್ತದೆ. ಹಾಗಾಗಿ ಎಷ್ಟೋ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಹೋಗಲು ಜಾಗ ತೋರಿಸದೆ "ನೀರು ಕುಡಿಯಿರಿ" ಎಂದಷ್ಟೇ ಹೇಳುವುದು ಅರ್ಧ ಮಾತು. ಹೊಲದ ಮಾಲೀಕರು, ಘಟಕ ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ನಾಲ್ಕು ಗೂಟ ನೆಟ್ಟು ತಾಡಪತ್ರಿ ಕಟ್ಟಿ, ಒಂದು ಬಕೆಟ್ ನೀರು ಇಟ್ಟರೂ ಹಲವರ ಕಿಡ್ನಿ ಉಳಿಯುತ್ತದೆ.

ಅಲ್ಲಿಯವರೆಗೆ ಕೆಲಸಕ್ಕೆ ಹೋಗುವವರು ಇಷ್ಟು ಮಾಡಿಕೊಳ್ಳಬಹುದು. ಮನೆ ಬಿಡುವ ಮುಂಚೆ ಒಮ್ಮೆ, ಬುತ್ತಿ ಬಿಚ್ಚುವ ಹೊತ್ತಿಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಎಂದು ಗುಂಪಿನಲ್ಲೇ ಹೊತ್ತು ಗೊತ್ತುಮಾಡಿಕೊಂಡು ಜೊತೆಯಾಗಿ ಹೋಗಿ ಬನ್ನಿ. ಒಬ್ಬಳೇ ಎದ್ದು ಹೋಗಲು ಸಂಕೋಚ ಇರುತ್ತದೆ, ನಾಲ್ಕು ಜನ ಹೋದರೆ ಇರುವುದಿಲ್ಲ. ಮೂತ್ರ ಬಂದಾಗ ತಡೆಯಬೇಡಿ, ಮೂರು ನಾಲ್ಕು ಗಂಟೆಗೊಮ್ಮೆಯಾದರೂ ಹೋಗಿ ಬನ್ನಿ. ಕುಳಿತಾಗ ಅವಸರ ಮಾಡದೆ ಪೂರ್ತಿ ಖಾಲಿ ಮಾಡಿ. ಎಷ್ಟು ನೀರು ಸಾಕು ಎನ್ನುವುದಕ್ಕೆ ಲೀಟರ್ ಲೆಕ್ಕಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಇದ್ದರೆ ಇನ್ನೂ ಕುಡಿಯಿರಿ. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಂಥ ಕಡೆ ಶುದ್ಧ ನೀರಿನ ಘಟಕದ ನೀರನ್ನೇ ಮನೆಯಿಂದ ತುಂಬಿಕೊಂಡು ಹೋಗಿ. ಮಜ್ಜಿಗೆ, ಬಾರ್ಲಿ ನೀರು, ಎಳನೀರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಅವು ಮೂತ್ರ ಹೆಚ್ಚಿಸುತ್ತವೆ, ಅಷ್ಟೇ ಅವುಗಳ ಕೆಲಸ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ನೀರು ಕಡಿಮೆ ಕುಡಿಯಲು ಡಾಕ್ಟರ್ ಹೇಳಿದ್ದರೆ ಅವರು ಹೇಳಿದ ಅಳತೆ ಮೀರಬೇಡಿ.

ಗಂಡ ಹೆಂಡತಿ ಕೂಡಿದ ಮೇಲೆ ಒಂದಕ್ಕೆ ಹೋಗಿ ಬರುವುದು ಒಳ್ಳೆಯದು. ಆ ಹೊತ್ತಿನಲ್ಲಿ ಕ್ರಿಮಿಗಳು ಮೂತ್ರನಾಳದೊಳಗೆ ತಳ್ಳಲ್ಪಡುತ್ತವೆ. ಹಾಗೆಂದು ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಲೈಂಗಿಕ ರೋಗ ಅಲ್ಲ, ಯಾರ ನಡತೆಯ ಮೇಲೂ ಅನುಮಾನ ಬೇಡ. ತೊಳೆದುಕೊಳ್ಳುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಲಿ. ಒಳಗೆ ಸೋಪು, ಆಂಟಿಸೆಪ್ಟಿಕ್ ಹಾಕಿ ತೊಳೆಯಬೇಡಿ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಜೀವಿಗಳು ಸಾಯುತ್ತವೆ, ಆ ಜಾಗಕ್ಕೆ ಇ. ಕೊಲೈ ಬರುತ್ತದೆ.

ಮೂರನೇ ಹೆಜ್ಜೆ: ಉರಿ ಶುರುವಾದ ದಿನವೇ ಗುರುತಿಸಿ

ಮೂತ್ರ ಹೊಯ್ಯುವಾಗ ಉರಿ, ಪದೇ ಪದೇ ಅವಸರ, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆಯಲ್ಲಿ ನೋವು, ಕೆಲವೊಮ್ಮೆ ರಕ್ತ. ಇವು ಚೀಲದ ಸೋಂಕಿನ ಗುರುತು. ಕ್ರಿಮಿ ಗೋಡೆ ಹಿಡಿದಿದೆ, ದೇಹ ತಿರುಗಿ ಬಿದ್ದಿದೆ ಎಂದರ್ಥ. ಬಿಳಿಮುಟ್ಟು, ತುರಿಕೆ ಜೊತೆಗಿದ್ದರೆ ಅದು ಬೇರೆ ಸೋಂಕು ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ.

ಈ ಕೆಳಗಿನವರು ಮನೆಮದ್ದಿಗೆ ಕಾಯಲೇಬಾರದು. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಇರುವವರಿಗೆ ಕಿಡ್ನಿಗೆ ಏರಿರುವ ಸಾಧ್ಯತೆ ಇದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಲೆತಿರುಗಿ ಬಿದ್ದರೆ, ಮಂಪರು ಇದ್ದರೆ, ಮೂತ್ರವೇ ನಿಂತರೆ 108ಕ್ಕೆ ಫೋನ್ ಮಾಡಿ. ಬಸುರಿಯರಲ್ಲಿ ಗರ್ಭಕೋಶ ಒತ್ತಿ, ಮೂತ್ರ ಇಳಿಯುವುದು ನಿಧಾನವಾಗುತ್ತದೆ. ಕ್ರಿಮಿ ಮೇಲೇರುವುದು ಸುಲಭ. ಆದ್ದರಿಂದ ಅವರಿಗೆ ಉರಿ ಇಲ್ಲದಿದ್ದರೂ ಮೂತ್ರ ಪರೀಕ್ಷೆಯಲ್ಲಿ ಕ್ರಿಮಿ ಕಂಡರೆ ಔಷಧಿ ಕೊಡಲೇಬೇಕು. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಮೂತ್ರ ಪರೀಕ್ಷೆ ಮಾಡಿಸಿದಿರಾ ಎಂದು ಆಶಾ ಅಕ್ಕನನ್ನೋ ನರ್ಸ್ ಅಕ್ಕನನ್ನೋ ಕೇಳಿ. ಗಂಡಸರು, ಸಕ್ಕರೆ ಕಾಯಿಲೆಯವರು, ಕಿಡ್ನಿಯಲ್ಲಿ ಕಲ್ಲು ಇರುವವರು, ಮೂತ್ರದ ಪೈಪ್ ಹಾಕಿಸಿಕೊಂಡವರು ಕೂಡ ಬೇಗ ತೋರಿಸಬೇಕು. ಚಿಕ್ಕ ಮಕ್ಕಳು ಉರಿ ಎಂದು ಹೇಳಲಾರರು. ಕೆಮ್ಮು ನೆಗಡಿ ಇಲ್ಲದೆ ಬರೀ ಜ್ವರ ಬರುತ್ತಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ.

ನಾಲ್ಕನೇ ಹೆಜ್ಜೆ: ಮಾದರಿ ಸರಿಯಾಗಿ ಕೊಡಿ

ಇದು ನನ್ನ ಕೆಲಸದ ಜಾಗ, ಇಲ್ಲಿ ವಿವರವಾಗಿ ಹೇಳುತ್ತೇನೆ. ಸರಿಯಾಗಿ ಹಿಡಿಯದ ಮಾದರಿಯಿಂದ ತಪ್ಪು ರಿಪೋರ್ಟ್ ಬರುತ್ತದೆ, ತಪ್ಪು ರಿಪೋರ್ಟಿನಿಂದ ಬೇಡದ ಔಷಧಿ ಹೊಟ್ಟೆಗೆ ಹೋಗುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಅದ್ದಿ ನೋಡುವ ಪರೀಕ್ಷೆ ಸಾಮಾನ್ಯ. ಯಾವ ಕ್ರಿಮಿ, ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ಕಲ್ಚರ್, ಅಂದರೆ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ನಾವೆಲ್ಲ ವಿಮ್ಸ್ ಎಂದೇ ಕರೆಯುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು, ಮೂರೂ ಕಡೆ ಸೂಕ್ಷ್ಮಜೀವಿ ವಿಭಾಗ ಇದೆ. ಮೊದಲ ಸಲ ಬಂದ ಸಾದಾ ಸೋಂಕಿಗೆ ಎಲ್ಲರಿಗೂ ಕಲ್ಚರ್ ಬೇಕಿಲ್ಲ. ಮತ್ತೆ ಮತ್ತೆ ಬಂದರೆ, ಔಷಧಿಗೆ ಬಗ್ಗದಿದ್ದರೆ, ಜ್ವರ ಇದ್ದರೆ, ಬಸುರಿಯಾಗಿದ್ದರೆ ಬೇಕೇ ಬೇಕು.

ಆಂಟಿಬಯಾಟಿಕ್ ಮಾತ್ರೆ ಶುರು ಮಾಡುವ ಮೊದಲು ಮಾದರಿ ಕೊಡಿ. ಒಂದು ಮಾತ್ರೆ ನುಂಗಿದ್ದರೂ ಕ್ರಿಮಿ ಬೆಳೆಯದೆ ಹೋಗಬಹುದು. ನುಂಗಿದ್ದರೆ ಲ್ಯಾಬಿನವರಿಗೆ ಹೇಳಿ. ಲ್ಯಾಬಿನಲ್ಲಿ ಕೊಡುವ ಕ್ರಿಮಿರಹಿತ ಡಬ್ಬಿಯನ್ನೇ ಬಳಸಿ. ಮನೆಯ ಔಷಧಿ ಬಾಟಲಿ, ಜಾಮ್ ಡಬ್ಬಿ ಎಷ್ಟು ತೊಳೆದರೂ ಬೇಡ. ಕೈ ತೊಳೆದು, ಆ ಜಾಗವನ್ನು ಬರೀ ನೀರಿನಲ್ಲಿ ತೊಳೆದು, ಹೆಂಗಸರು ಒಂದು ಕೈಯಲ್ಲಿ ತುಟಿಗಳನ್ನು ಅಗಲಿಸಿ ಹಿಡಿಯಿರಿ. ಮೊದಲ ಧಾರೆ ಹೋಗಲಿ. ಧಾರೆ ನಿಲ್ಲಿಸದೆ ನಡುವಿನ ಮೂತ್ರವನ್ನು ಡಬ್ಬಿಗೆ ಹಿಡಿಯಿರಿ. ಕೊನೆಯದು ಮತ್ತೆ ಹೊರಗೆ. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ರಾತ್ರಿಯಿಡೀ ಚೀಲದಲ್ಲಿ ನಿಂತ ಬೆಳಗಿನ ಮೂತ್ರ ಒಳ್ಳೆಯದು.

ಹಿಡಿದ ಮೇಲೆ ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ಇ. ಕೊಲೈಗೆ ಊಟ, ಬೆಚ್ಚಗಿನ ಶಾಖ ಎರಡೂ ಸರಿಯಾಗಿ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಎರಡು ಗಂಟೆಗೆ ಒಂದು ಕ್ರಿಮಿ 64. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಡಬ್ಬಿಯನ್ನು ಬೈಕಿನ ಬ್ಯಾಗಿನಲ್ಲಿಟ್ಟು ಲಿಂಗಸೂಗೂರಿನಿಂದ ರಾಯಚೂರಿಗೆ ತಂದರೆ ಒಳಗೆ ಇದ್ದದ್ದೆಷ್ಟು, ದಾರಿಯಲ್ಲಿ ಬೆಳೆದದ್ದೆಷ್ಟು ಎಂದು ಹೇಳುವುದೇ ಕಷ್ಟ. ಆಸ್ಪತ್ರೆಗೆ ಬಂದು ಅಲ್ಲೇ ಮಾದರಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಐಸ್ ಜೊತೆ ತನ್ನಿ. ಹಾಗಿಟ್ಟರೆ 24 ಗಂಟೆವರೆಗೆ ನಡೆಯುತ್ತದೆ.

ನಾವು ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಭಾಗ ಹಿಡಿಯುವ ಸಣ್ಣ ತಂತಿಬಳೆಯಿಂದ ಮಾದರಿಯನ್ನು ತಟ್ಟೆಯ ಮೇಲೆ ಎಳೆಯುತ್ತೇವೆ. ಮಾರನೇ ದಿನ ಅಲ್ಲಿ ನೂರು ಚುಕ್ಕೆ ಬೆಳೆದಿದ್ದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ ಕ್ರಿಮಿ ಎಂದು ಲೆಕ್ಕ. ಕ್ರಿಮಿ ಬೆಳೆಸುವ ಮ್ಯಾಕಾಂಕಿ ಎಂಬ ಬಗೆಯ ತಟ್ಟೆಯಲ್ಲಿ ಇ. ಕೊಲೈ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಔಷಧಿಯ ಪರೀಕ್ಷೆಗೆ ಇನ್ನೊಂದು ದಿನ. ಹಾಗಾಗಿ ರಿಪೋರ್ಟ್ ಎರಡು ಮೂರು ದಿನ ತಡವಾಗುತ್ತದೆ. ರಿಪೋರ್ಟಿನಲ್ಲಿ ಮಿಕ್ಸ್ಡ್ ಗ್ರೋತ್ (ಹಲವು ಬಗೆಯ ಕ್ರಿಮಿ ಬೆಳೆದಿದೆ) ಎಂದಿದ್ದರೆ ಹೆಚ್ಚಾಗಿ ಮಾದರಿ ಹಿಡಿಯುವಾಗ ಚರ್ಮದ ಕ್ರಿಮಿ ಸೇರಿದೆ, ಮತ್ತೊಮ್ಮೆ ಕೊಡಬೇಕು. ಎಪಿಥೀಲಿಯಲ್ ಸೆಲ್ಸ್, ಅಂದರೆ ಮೇಲ್ಪದರದಿಂದ ಉದುರಿದ ಜೀವಕೋಶಗಳು ತುಂಬಾ ಇದ್ದರೂ ಅದೇ ಅನುಮಾನ. ಔಷಧಿಯ ಹೆಸರಿನ ಮುಂದೆ ಎಸ್ ಇದ್ದರೆ ಕ್ರಿಮಿ ಅದಕ್ಕೆ ಬಗ್ಗುತ್ತದೆ, ಆರ್ ಇದ್ದರೆ ಬಗ್ಗುವುದಿಲ್ಲ.

ಪಸ್ ಸೆಲ್ಸ್ (ಕೀವಿನ ಕಣ) ಸ್ವಲ್ಪ ಜಾಸ್ತಿ ಎಂದು ಬರೆದಿದ್ದಕ್ಕೇ ಹೆದರಬೇಡಿ. ಉರಿ, ಜ್ವರ ಏನೂ ಇಲ್ಲದೆ ರಿಪೋರ್ಟಿನಲ್ಲಿ ಮಾತ್ರ ಕ್ರಿಮಿ ಕಂಡರೆ ಹೆಚ್ಚಿನವರಿಗೆ ಔಷಧಿ ಬೇಡ. ಬಸುರಿಯರಿಗೆ, ಮೂತ್ರನಾಳದ ಆಪರೇಷನ್‌ಗೆ ತಯಾರಾಗುತ್ತಿರುವವರಿಗೆ ಬೇಕು.

ಐದನೇ ಹೆಜ್ಜೆ: ಕಚ್ಚಿಕೊಂಡದ್ದಕ್ಕೆ ಸರಿಯಾದ ಔಷಧಿ, ಸರಿಯಾದ ದಿನ

ಸಾದಾ ಚೀಲದ ಸೋಂಕಿಗೆ ಡಾಕ್ಟರುಗಳು ಮೊದಲು ಬರೆಯುವುದು ನೈಟ್ರೋಫ್ಯುರಾಂಟೊಯಿನ್ ಅಥವಾ ಫಾಸ್ಫೋಮೈಸಿನ್. ನೈಟ್ರೋಫ್ಯುರಾಂಟೊಯಿನ್ ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ, ಊಟದ ಜೊತೆ. ಮೂತ್ರ ಕಂದು ಹಳದಿಯಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಫಾಸ್ಫೋಮೈಸಿನ್ 3 ಗ್ರಾಂ ಪುಡಿ, ನೀರಿನಲ್ಲಿ ಕದಡಿ ಒಂದೇ ಸಲ. ಈ ಎರಡೂ ಚೀಲದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕಿಡ್ನಿಗೆ ಏರಿದ ಸೋಂಕಿಗೆ ಸಾಲವು. ಕಿಡ್ನಿ ದುರ್ಬಲವಾಗಿದ್ದವರಿಗೆ, ಹೆರಿಗೆ ಹತ್ತಿರ ಬಂದವರಿಗೆ ನೈಟ್ರೋಫ್ಯುರಾಂಟೊಯಿನ್ ಕೊಡುವುದಿಲ್ಲ. ಹಾಗಾಗಿ ನಿಮ್ಮ ಕಾಯಿಲೆಗಳನ್ನೆಲ್ಲ ಡಾಕ್ಟರ್ ಮುಂದೆ ಹೇಳಿಯೇ ಬರೆಸಿಕೊಳ್ಳಬೇಕು.

ಮೆಡಿಕಲ್ ಶಾಪಿಗೆ ಹೋಗಿ "ಉರಿಮೂತ್ರಕ್ಕೆ ಒಂದು ಮಾತ್ರೆ ಕೊಡ್ರಿ" ಎಂದು ಸಿಪ್ರೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್, ನಾರ್‌ಫ್ಲಾಕ್ಸಸಿನ್ ತರುವ ಅಭ್ಯಾಸ ನಮ್ಮಲ್ಲಿ ಬಹಳ. ಇದು ನಿಲ್ಲಬೇಕು. ಭಾರತದ ಆಸ್ಪತ್ರೆಗಳ ಕಲ್ಚರ್‌ಗಳಲ್ಲಿ ಬೆಳೆಯುವ ಇ. ಕೊಲೈಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗುವುದಿಲ್ಲ. ಎರಡು ಮಾತ್ರೆ ನುಂಗಿದಾಗ ತೇಲುವ ಕ್ರಿಮಿ ಕಡಿಮೆಯಾಗಿ ಉರಿ ಇಳಿಯಬಹುದು. ಗೋಡೆ ಹಿಡಿದದ್ದು, ಒಳಗೆ ಹೊಕ್ಕದ್ದು ಉಳಿಯುತ್ತದೆ, ಮುಂದಿನ ಸಲ ಬಂದಾಗ ಆ ಮಾತ್ರೆ ಅದಕ್ಕೆ ನಾಟದೇ ಇರಬಹುದು. ಬರೆದುಕೊಟ್ಟಷ್ಟು ದಿನ ತೆಗೆದುಕೊಳ್ಳಿ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಅಕ್ಕನಿಗೆ ಬರೆದದ್ದು ತಂಗಿಗೆ ಬೇಡ. ಎರಡು ಮೂರು ದಿನಕ್ಕೆ ಉರಿ ಇಳಿಯದಿದ್ದರೆ ತಿರುಗಿ ಹೋಗಿ ತೋರಿಸಿ.

ಉರಿ ಕಡಿಮೆ ಮಾಡುವ ಸಿಹಿ ಸಿರಪ್ ಬಗ್ಗೆ ಒಂದು ಮಾತು. ಅದು ಮೂತ್ರದ ಹುಳಿ ತಗ್ಗಿಸಿ ಹಾಯೆನಿಸುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಹುಳಿ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುವ ಔಷಧಿ. ಎರಡನ್ನೂ ಒಟ್ಟಿಗೆ ಕೊಟ್ಟಿದ್ದರೆ ಸಿರಪ್ ಬೇಕೇ ಎಂದು ಡಾಕ್ಟರನ್ನು ಕೇಳಿ.

ಆರನೇ ಹೆಜ್ಜೆ: ಹಿಡಿತ ಬಿಡಿಸುವ ಪುಡಿ, ಜ್ಯೂಸ್ ಕೊಳ್ಳುವ ಮೊದಲು

ಲ್ಯಾಬಿನಲ್ಲಿ ಕ್ರಿಮಿಗೆ ಮ್ಯಾನೋಸ್ ಬೆರೆಸಿದರೆ ಅದರ ಎಳೆಗಳ ಗುಳಿ ತುಂಬಿ, ಜೀವಕೋಶವನ್ನು ಹಿಡಿಯಲಾರದು. 1950ರ ದಶಕದಲ್ಲೇ ಕೆಂಪು ರಕ್ತಕಣಗಳ ಮೇಲೆ ಇದನ್ನು ತೋರಿಸಿದ್ದರು. ಅದೇ ಯೋಚನೆಯಿಂದ ಡಿ-ಮ್ಯಾನೋಸ್ ಪುಡಿ ಮಾರುಕಟ್ಟೆಗೆ ಬಂತು. ಆನ್‌ಲೈನಿನಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ಆದರೆ 2024ರಲ್ಲಿ ಬ್ರಿಟನ್ನಿನಲ್ಲಿ ಪದೇ ಪದೇ ಸೋಂಕು ಬರುತ್ತಿದ್ದ 598 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲ ಬಂತು. ಆರು ತಿಂಗಳು ದಿನಕ್ಕೆ 2 ಗ್ರಾಂ ತಿಂದವರಲ್ಲಿ ನೂರಕ್ಕೆ 51 ಮಂದಿಗೆ ಮತ್ತೆ ಸೋಂಕು ಬಂತು. ಹೋಲಿಸಿ ನೋಡಲೆಂದು ಬೇರೆ ಸಕ್ಕರೆ ಕೊಟ್ಟವರಲ್ಲಿ ಸುಮಾರು 56. ಇದು ಲೆಕ್ಕಕ್ಕೆ ಬರುವ ವ್ಯತ್ಯಾಸ ಅಲ್ಲ. ಆ ದುಡ್ಡಿಗೆ ಒಳ್ಳೆಯ ನೀರಿನ ಬಾಟಲಿ ಕೊಳ್ಳಿ ಎನ್ನುತ್ತೇನೆ ನಾನು.

ಕ್ರ್ಯಾನ್‌ಬೆರಿಯಲ್ಲಿರುವ ಒಂದು ವಸ್ತು ಪಿ ಎಳೆಗಳ ಹಿಡಿತಕ್ಕೆ ಅಡ್ಡಿ ಮಾಡುತ್ತದೆ. 2023ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಪದೇ ಪದೇ ಸೋಂಕು ಬರುವ ಮಹಿಳೆಯರಲ್ಲಿ ಅದು ಸೋಂಕನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ಕಂಡಿತು. ಬಂದ ಸೋಂಕನ್ನು ವಾಸಿಮಾಡುವುದಿಲ್ಲ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಜ್ಯೂಸಿನಲ್ಲಿ ಸಕ್ಕರೆಯೇ ಜಾಸ್ತಿ, ಸಕ್ಕರೆ ಕಾಯಿಲೆಯವರು ಮುಟ್ಟಬೇಡಿ.

ಏಳನೇ ಹೆಜ್ಜೆ: ಮತ್ತೆ ಮತ್ತೆ ಬಂದರೆ

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಆಗ ಪ್ರತಿ ಸಲವೂ ಕಲ್ಚರ್ ಮಾಡಿಸಿ. ಒಳಗೆ ಕಲ್ಲು ಇದೆಯೇ, ಚೀಲ ಪೂರ್ತಿ ಖಾಲಿಯಾಗುತ್ತಿದೆಯೇ ಎಂದು ಸ್ಕ್ಯಾನ್ ಬೇಕೇ ಎಂದು ಕೇಳಿ. ಪ್ರೋಟಿಯಸ್ ಎಂಬ ಕ್ರಿಮಿ ಬೆಳೆದಿದ್ದರೆ ಕಲ್ಲಿನ ಬಗ್ಗೆ ವಿಶೇಷವಾಗಿ ನೋಡಬೇಕು. ಅದು ಮೂತ್ರವನ್ನು ಕ್ಷಾರವಾಗಿಸಿ ಕಲ್ಲು ಕಟ್ಟಿಸುತ್ತದೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಕಡಿಮೆಯಾಗಿ ಯೋನಿಯ ಒಳ್ಳೆಯ ಜೀವಿಗಳು ಹೋಗುತ್ತವೆ, ಸೋಂಕು ಹೆಚ್ಚುತ್ತದೆ. ಅಲ್ಲಿ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದನ್ನು ತಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. "ಈ ವಯಸ್ಸಿನಾಗ ಇದನ್ನೆಲ್ಲ ಹೆಂಗ ಕೇಳಲಿ" ಎಂದು ಎಷ್ಟೋ ಅವ್ವಂದಿರು ವರ್ಷಗಟ್ಟಲೆ ಉರಿ ನುಂಗಿಕೊಂಡಿರುತ್ತಾರೆ. ಹೆಣ್ಣುಮಕ್ಕಳು, ಸೊಸೆಯರು ಅವರ ಪರವಾಗಿ ಡಾಕ್ಟರನ್ನು ಕೇಳಬೇಕು. ಮೆಥೆನಮೈನ್ ಎಂಬ ಹಳೆಯ ಮಾತ್ರೆಯೂ ಇದೆ. ಅದು ಆಂಟಿಬಯಾಟಿಕ್ ಅಲ್ಲ. 2022ರಲ್ಲಿ ಬ್ರಿಟನ್ನಿನ ಒಂದು ಪರೀಕ್ಷೆಯಲ್ಲಿ ದಿನನಿತ್ಯದ ಸಣ್ಣ ಡೋಸ್ ಆಂಟಿಬಯಾಟಿಕ್‌ಗೆ ಅದು ಸರಿಸಾಟಿಯಾಗಿ ನಿಂತಿತು.

ಪೈಪ್ ಹಾಕಿದವರ ಮನೆಯವರು ನೆನಪಿಡಬೇಕಾದ್ದು ಬೇರೆ. ಪೈಪಿನ ಮೇಲೆ ನಮ್ಮ ದೇಹದ ಫೈಬ್ರಿನೋಜನ್ ಎಂಬ ಪ್ರೋಟೀನ್ ಕೂರುತ್ತದೆ, ಎಂಟರೋಕಾಕಸ್‌ನಂಥ ಕ್ರಿಮಿಗಳು ಅದನ್ನು ಹಿಡಿಯುತ್ತವೆ. ಮೂತ್ರದ ಬ್ಯಾಗ್ ಯಾವಾಗಲೂ ಹೊಟ್ಟೆಯೊಳಗಿನ ಮೂತ್ರಚೀಲಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಪೈಪ್ ಮಡಚದಿರಲಿ. ಬ್ಯಾಗಿನ ಜೋಡಣೆ ಸುಮ್ನೆ ಬಿಚ್ಚಬೇಡಿ. ಪೈಪ್ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ಹಳೆಯ ಕಲ್ಚರ್ ರಿಪೋರ್ಟ್, ಮಾತ್ರೆಯ ಚೀಟಿ ಎಸೆಯಬೇಡಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರು ಕಡೆ ಗುಳೆ ಹೋಗುವವರು ಅವುಗಳ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಉರಿ ಶುರುವಾದರೆ ಹೊಸ ಡಾಕ್ಟರಿಗೆ ಅದನ್ನು ತೋರಿಸಿ. ಹೋದ ಸಲ ಯಾವ ಕ್ರಿಮಿ ಬೆಳೆದಿತ್ತು, ಯಾವುದಕ್ಕೆ ಆರ್ ಬಂದಿತ್ತು ಎಂದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ, ಹೊಸ ರಿಪೋರ್ಟ್ ಬರುವ ತನಕ ಯಾವ ಮಾತ್ರೆ ಬರೆಯಬಾರದು ಎಂಬುದೂ ಗೊತ್ತಾಗುತ್ತದೆ.